ಹುಬ್ಬು ಉದುರಿಸುವ ಸಾರು

"ಹೇಗಿದೆ?" ಅಂತ ಕೇಳಿದಳು ಹ್ವಾ ಅಜ್ಜಿ,
ಏಳನೇ ಮಹಡಿಯ ಕಿಟಕಿ ಪಕ್ಕದ ಮಂಚದಿಂದ.
ನನ್ನ ಬಾಯ್ತುಂಬ ಅವಳದೇ ಪಾಲಿನ ಸಾರು.
"ಹಾವ್ ಚಿ" ಅಂದೆ. ತಿನ್ನಲು ಒಳ್ಳೇದು.

"ಒಳ್ಳೇದು! ಹವೆಯೂ ಒಳ್ಳೇದು, ಚಪ್ಪಲಿಯೂ ಒಳ್ಳೇದು,
ಪಕ್ಕದ ಮಂಚದವಳ ಅಳಿಯನೂ ಒಳ್ಳೇವನು.
ಮೂವತ್ತೊಂದು ವರ್ಷ ವೂಶಿಯ ರೇಷ್ಮೆ ಗಿರಣಿಯ ಕ್ಯಾಂಟೀನಿನಲ್ಲಿ
ಸೌಟು ಹಿಡಿದವಳಿಗೆ ಅಷ್ಟು ಸಾಲದು, ಶಿಯಾವ್ ಪು.
ಇನ್ನೊಂದು ಗುಟುಕು ಕುಡಿ. ಸರಿಯಾಗಿ ಹೇಳು."

ಔಷಧ ಅವಳ ನಾಲಿಗೆಯನ್ನು ಒರೆಸಿಹಾಕಿತ್ತು.
ಉಪ್ಪು ಅಂದರೆ ಮರಳು, ಸಕ್ಕರೆ ಅಂದರೆ ಇನ್ನೂ ಸಣ್ಣ ಮರಳು,
ನೀರಿಗೂ ಹಳೇ ಬೀಗದಕೈಯ ವಾಸನೆ.
ಮಗ ತರುವ ಡಬ್ಬಿ ನನ್ನ ಪಾಲಿಗೆ,
ಮಾತು ಅವಳ ಪಾಲಿಗೆ, ಹಾಗಂತ ಒಪ್ಪಂದ.
ನನ್ನ ದಿನಗೂಲಿಯ ಚೀಟಿಯಲ್ಲಿ ಇದನ್ನು ಬರೆದಿರಲಿಲ್ಲ.

ನಾನು ಸಿಚುವಾನ್ ಕಡೆಯವಳು. ನಮ್ಮಲ್ಲಿ ರುಚಿ ಅಂದರೆ
ತುಟಿಯೊಳಗೆ ಜೇನ್ನೊಣ ಬಿಟ್ಟ ಹಾಗೆ. ಅದಕ್ಕೆ 'ಮಾ' ಅಂತೀವಿ.
ಮೊದಲು ಜುಮ್ಮೆನ್ನಬೇಕು, ಆಮೇಲೆ ಉರಿ, ಆಮೇಲೆ ಮೂಗು ಸೋರಬೇಕು,
ಬೈದುಕೊಳ್ಳುತ್ತಲೇ ಕೈ ಮತ್ತೆ ಬಟ್ಟಲಿಗೆ ಹೋಗಬೇಕು.
ಈ ಸರೋವರದ ಊರಿನವರ ಸಾರಿನಲ್ಲಿ
ಖಾರ ಹುಡುಕಿ ಹುಡುಕಿ ಸೋತೆ.
"ಏನೂ ಇಲ್ಲ ಅಜ್ಜಿ. ಬಿಸಿ ಇದೆ."

ಅವಳು ನನ್ನ ಅಂಗೈ ಎಳೆದುಕೊಂಡಳು.
ಉಗುರಿನಿಂದ ಬರೆದಳು: ಎಡಕ್ಕೊಂದು ಮೀನು,
ಬಲಕ್ಕೊಂದು ಕುರಿ. ಎರಡೂ ಸೇರಿದರೆ 'ಶ್ಯೆನ್'.
"ನೀರಿನದೂ ಹುಲ್ಲಿನದೂ ಒಂದೇ ಮಡಕೆಗೆ ಬಂದಾಗ
ಹುಟ್ಟುವ ಮೂರನೆಯದು. ಉಪ್ಪಲ್ಲ. ಸಿಹಿಯಲ್ಲ.
ನಾಲಿಗೆಯ ಎರಡು ಅಂಚೂ ಒಳಕ್ಕೆ ಮಡಿಯುತ್ತವಲ್ಲ,
ಯಾರೋ ಹೆಸರು ಹಿಡಿದು ಕರೆದ ಹಾಗೆ? ಅಲ್ಲಿ ಹುಡುಕು."

ಹುಡುಕಿದೆ. ಉಪ್ಪಿಟ್ಟ ಹಂದಿಮಾಂಸ, ಹಸಿಮಾಂಸ,
ವಸಂತದ ಎಳೆಬಿದಿರು, ಗಂಟು ಕಟ್ಟಿದ ತೋಫು ಪದರ.
"ಯೆನ್-ದು-ಶ್ಯೆನ್. ಹೆಸರಿನ ನಡುವೆ ಒಂದು 'ದು' ಇದೆ, ಕೇಳಿಸ್ತಾ?
ಕೊತಕೊತ ಅಲ್ಲ, ಅದು ಅವಸರದವರ ಒಲೆ.
ದುಕ್, ಅಂತ ಒಂದು ಗುಳ್ಳೆ.
ಬಿಡುವು.
ಇನ್ನೊಂದು ದುಕ್.
ಅಷ್ಟರಲ್ಲಿ ಅಂಗಿಗೊಂದು ಗುಂಡಿ ಹೊಲಿಯಬಹುದು."

ದಿನ ಹೋದಂತೆ ನಾನೂ ಬಣ್ಣ ಕಟ್ಟಲು ಕಲಿತೆ.
ಜೊಲ್ಲು ಮೂರಡಿ ಇಳಿಯಿತು ಅಂದೆ. ("ಅಳೆದು ತೋರಿಸು.")
ತೋರುಬೆರಳು ತಾನಾಗಿ ಕುಣಿಯಿತು ಅಂದೆ,
ತೋಳದ ಹಾಗೆ ನುಂಗಿದೆ, ಹುಲಿಯ ಹಾಗೆ ಗುಟುಕರಿಸಿದೆ.
"ಅದೆಲ್ಲ ಶಾಲೆ ಮಕ್ಕಳು ಉರು ಹೊಡೆಯುವ ನಾಲ್ಕಕ್ಷರ.
ನಮ್ಮ ಕಡೆ ಏನಂತಾರೆ ಗೊತ್ತಾ,
ಸಾರು ನಿಜಕ್ಕೂ ಶ್ಯೆನ್ ಆಗಿದ್ದರೆ
ಕುಡಿದವರ ಹುಬ್ಬು ಉದುರಿಹೋಗುತ್ತೆ."

ಹೇಳಿ, ತನ್ನ ಹಣೆ ಮುಟ್ಟಿಕೊಂಡಳು.
ಅಲ್ಲಿ ಒಂದು ಎಳೆಯೂ ಇರಲಿಲ್ಲ,
ಹೊಸ ವರ್ಷದಿಂದಲೇ ಇರಲಿಲ್ಲ.
ನಾನು ಡಬ್ಬಿಯ ಮುಚ್ಚಳ ನೋಡುತ್ತ ಕೂತೆ.
"ನೋಡಿದೆಯಾ," ಅಂದಳು, "ಎಷ್ಟು ಕುಡಿದಿರಬೇಕು ನಾನು!"
ನರ್ಸು ಬಂದು ಗದರುವ ತನಕ ನಕ್ಕೆವು.

ಬಿದಿರು ಬಲಿತು ನಾರಾಯಿತು. ಮಗ ಬರೀ ಗಂಜಿ ತರತೊಡಗಿದ.
ಒಂದು ರಾತ್ರಿ, ದೀಪ ಆರಿದ ಮೇಲೆ,
"ಆವತ್ತಿನದನ್ನು ಹೇಳು" ಅಂದಳು.
ಹೇಳಿದೆ. ಬಣ್ಣ ಕಟ್ಟದೆ, ಗುಳ್ಳೆ ಗುಳ್ಳೆಯಾಗಿ,
ನಡುವೆ ಗುಂಡಿ ಹೊಲಿಯುವಷ್ಟು ಬಿಡುವು ಬಿಟ್ಟು.
ಹೇಳುತ್ತ ಹೇಳುತ್ತ, ಬರಿಬಾಯಲ್ಲಿ,
ನನ್ನ ನಾಲಿಗೆಯ ಅಂಚು ಒಳಕ್ಕೆ ಮಡಿಯಿತು.

ಕತ್ತಲಲ್ಲಿ ಅವಳ ಬೆರಳು ಬಂದು
ನನ್ನ ಹುಬ್ಬು ತಡವಿತು, ಎಡದ್ದು, ಆಮೇಲೆ ಬಲದ್ದು.
"ಇನ್ನೂ ಇದೆ," ಅಂದಳು. "ಎಲ್ಲೋ ಏನೋ ಬಿಟ್ಟಿದ್ದೀಯ.
ಮೊದಲಿಂದ ಹೇಳು."