ಹೆಬ್ಬೆಟ್ಟಿನ ಜೇನು

ತಿತಿಮತಿಯಿಂದ ಆಚೆ, ಆನೆ ಕಂದಕದಿಂದ ಈಚೆ
ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಐವತ್ತೆರಡು ಮನೆ.
ನಮ್ಮದು ಮೂವತ್ತೇಳು.
ಕುಡಿದು ಬಂದ ಅಪ್ಪ ಎಷ್ಟೋ ರಾತ್ರಿ
ನಲವತ್ತೊಂದರ ಕದ ತಟ್ಟಿದ್ದಾನೆ.
ಬೈದವರಿಲ್ಲ. ಆ ಮನೆಯವನು
ನಮ್ಮಲ್ಲಿ ಮಲಗಿರುತ್ತಿದ್ದ.

ಸೋದರತ್ತೆ ಮಾಸ್ತಿ ಮೊದಲು ಅಳಿಸಿದ್ದು ಆ ನಂಬರನ್ನೇ.
ಇಲಾಖೆಯ ನೀಲಿಯ ಮೇಲೆ ಸಗಣಿ ಸಾರಿಸಿ
ಒಣಗಲು ಬಿಟ್ಟು, ಮಾರನೆಯ ದಿನ ಕೆಲಸಕ್ಕೆ ಹೋಗಲಿಲ್ಲ.
ತೋಟದ ಜೀಪು ಎರಡು ಸಲ ಹಾರ್ನ್ ಹಾಕಿ ಹೋಯಿತು.

ಒಲೆಯ ಮಸಿ, ಕೆಮ್ಮಣ್ಣು, ಬಸಳೆ ಹಣ್ಣು,
ತುದಿ ಜಜ್ಜಿದ ಬಿದಿರ ಕಡ್ಡಿ.
ಕಂದು ಬಣ್ಣಕ್ಕೆ ಕಾಫಿಯ ಚರಟ.
ಮೂವತ್ತು ವರ್ಷ ಕೊಯ್ದವಳಿಗೆ
ಅದಾದರೂ ಸಿಗಬೇಕಲ್ಲ, ಎಂದಳು.

ಒಂದು ಗೆರೆ ಎಳೆದಳು: ಹೊಳೆ.
ಅದರ ಮಗ್ಗುಲಿಗೆ ತಾರೆ ಮರ.
ಮರದ ಬುಡದಲ್ಲಿ ಮೂರು ಕಲ್ಲು.
ಅಷ್ಟೇ ಬಿಡಿಸಿ ಕೈ ತೊಳೆದಳು.

ನಾನು ಆಶ್ರಮ ಶಾಲೆಯಲ್ಲಿ ಕಲಿತವಳು.
ಅಲ್ಲಿಯ ಚಿತ್ರದಲ್ಲಿ ಎರಡು ಬೆಟ್ಟ, ನಡುವೆ ಸೂರ್ಯ,
ಹೆಂಚಿನ ಮನೆ, ಒಂದು ತೆಂಗು.
ಕಾಡಿನ ಮಕ್ಕಳೆಲ್ಲ ತೆಂಗಿನ ಮರ ಬರೆದು
ಹತ್ತಕ್ಕೆ ಏಳು ಅಂಕ ತೆಗೆದೆವು.

‘ಇದೇನತ್ತೆ?’ ಅಂದೆ.
‘ನಿನ್ನ ತಾತನ ತಾಯಿ. ಅವಳ ಅಣ್ಣ.
ಹೆಸರಿಡುವ ಮೊದಲೇ ಹೋದ ನನ್ನ ತಂಗಿ.
ನಮ್ಮನ್ನು ಲಾರಿಗೆ ಹತ್ತಿಸಿದರು.
ಇವರನ್ನು ಯಾರೂ ಹತ್ತಿಸಲಿಲ್ಲ.’

ತಾತ ಸತ್ತದ್ದು ಲೈನ್ ಮನೆಯಲ್ಲಿ.
ಚರಂಡಿಯ ಆಚೆ, ಸಿಲ್ವರ್ ಮರದ ಸಾಲಿನಲ್ಲಿ ಹೂತರು.
ಕರಿಮೆಣಸಿನ ಬಳ್ಳಿ ಅವನ ಎದೆಯಿಂದೆದ್ದು
ಈಗ ಸಾಹುಕಾರರ ಏಣಿಗೆ ಎಟುಕುತ್ತದೆ.
ಅಪ್ಪನಿಗೆ ಅಂದಿನಿಂದ ಮಾತು ಕಡಿಮೆ.

ಆ ಸಂಜೆ ಅಪ್ಪ ಗೋಡೆಯ ಮುಂದೆ ನಿಂತ.
ಬೀಳಬಾರದೆಂದು ಹಿಡಿದುಕೊಂಡಿದ್ದಾನೆ, ಅಂದುಕೊಂಡೆ.
ಬಹಳ ಹೊತ್ತಾದ ಮೇಲೆ
‘ತಪ್ಪು’ ಎಂದ.
‘ಮರ ಹೊಳೆಯ ಕಡೆಗೆ ಬಾಗಿತ್ತು.
ನಾನು ಹತ್ತಿದ ಮರ ನನಗೆ ಗೊತ್ತಿಲ್ಲವೆ?’
ಕಡ್ಡಿ ಕಸಿದುಕೊಂಡ.

ಅಲ್ಲಿಂದ ಸುರುವಾಯಿತು ಜಗಳ.
ನಲವತ್ತೊಂದರ ಬೊಳ್ಳ ಬಂದು ಹೊಳೆಯನ್ನು ತಿರುಗಿಸಿದ.
ಕಣ್ಣು ಕಾಣದ ಕೆಂಪಿ ಗೋಡೆಯ ಮೇಲೆ ಬೆರಳಾಡಿಸಿ
ಗೆಣಸಿನ ದಾರಿ ಇಷ್ಟು ಸಲೀಸಲ್ಲ,
ಎರಡೂ ಕಡೆ ಮುಳ್ಳು ಹಾಕು, ಎಂದಳು.
ಯಾರದೋ ಕೈ ಸೋರೆ ಬುರುಡೆ ಬರೆಯಿತು,
ಯಾರದೋ ಬಾಯಿ ಕುಂಡೆ ಹಬ್ಬದ ಬೈಗುಳ ಎತ್ತಿತು,
ದೇವರಿಗೇ ಬೈದದ್ದು ಕೇಳಿ ಮಕ್ಕಳು ಬಿದ್ದು ಬಿದ್ದು ನಕ್ಕರು.
ಜಾಗ ಸಾಲದೆ ಕಾಡು
ಮೂವತ್ತೆಂಟರ ಗೋಡೆಗೆ ದಾಟಿತು.

ಜೇನನ್ನು ಬರೆಯುವುದು ಹೇಗೆಂದು
ಜೇನು ಕುರುಬರಿಗೇ ತಿಳಿಯಲಿಲ್ಲ.
ಅತ್ತೆ ಹೆಬ್ಬೆರಳನ್ನು ಮಸಿಗೆ ಅದ್ದಿ ಒತ್ತಿದಳು.
ಅದೇ ಹೆಬ್ಬೆಟ್ಟು:
ಮುಂಗಡದ ಪುಸ್ತಕದಲ್ಲಿ, ಲಾರಿಯ ಪಟ್ಟಿಯಲ್ಲಿ,
ಓದಿ ಹೇಳದ ಒಪ್ಪಿಗೆಯ ಕಾಗದದಲ್ಲಿ ಒತ್ತಿದ್ದು.
ಸಾಲಾಗಿ ಬಂದರು, ಪಡಿತರಕ್ಕೆ ಬಂದ ಹಾಗೆ.
ದೀಪ ಹಚ್ಚುವ ಹೊತ್ತಿಗೆ
ತಾರೆಯ ಕೊಂಬೆಗೆ ಹೆಜ್ಜೇನು ಕಟ್ಟಿತ್ತು.

ಹಕ್ಕಿನ ಅರ್ಜಿ ನೋಡಲು ಬಂದವರು ಮೂವರು.
‘ಅಲ್ಲಿ ಇದ್ದಿರಿ ಅನ್ನುವುದಕ್ಕೆ ಪುರಾವೆ?’
ಅಪ್ಪ ಕುಡಿದಿರಲಿಲ್ಲ, ಅಥವಾ ಕಡಿಮೆ ಕುಡಿದಿದ್ದ.
ಹೊಳೆಯಿಂದ ಕಲ್ಲಿಗೆ, ಕಲ್ಲಿನಿಂದ ಗುಡಿಸಲಿಗೆ
ಎಷ್ಟೆಷ್ಟು ಹೆಜ್ಜೆ ಎಂದು ಗೋಡೆ ಮುಟ್ಟಿ ಹೇಳಿದ.
ಹಿರಿಯ ಸಾಹೇಬರು ಮೊಬೈಲ್ ಎತ್ತಿ ಹತ್ತಿರ ಹೋದರು.
‘ಸ್ವಾಮಿ, ಸ್ವಲ್ಪ ಸರೀರಿ,
ನಿಮ್ಮ ನೆರಳು ನಮ್ಮಜ್ಜಿಯ ಮೇಲೆ ಬಿದ್ದಿದೆ.’
ಸಾಹೇಬರು ಸರಿದರು.

ಉತ್ತರ ಇನ್ನೂ ಬಂದಿಲ್ಲ.
ನಿನ್ನೆ ಅಪ್ಪ ಚರಂಡಿಯ ಆಚೆಯಿಂದ
ಒಂದು ಹಿಡಿ ಮಣ್ಣು ತಂದ.
ಅತ್ತೆ ಕಲಸಿದಳು.
ಮೂರು ಕಲ್ಲಿನ ಪಕ್ಕ ನಾಲ್ಕನೆಯದನ್ನು
ನನ್ನಿಂದ ಬರೆಸಿದರು.
ಕೈ ನಡುಗಿ ಕಲ್ಲು ಸೊಟ್ಟಗಾಯಿತು.
ಅಳಿಸಲು ಹೋದೆ.
‘ಇರಲಿ ಬಿಡು,’ ಅಂದ ಅಪ್ಪ,
‘ಅವನು ಕೂರುತ್ತಿದ್ದದ್ದೂ ಹಾಗೇ,
ಒಂದು ಕಡೆಗೆ ವಾಲಿ.’