ಗಿಡ್ಡ ಒ

ಪಾಡ್ಯಕ್ಕ ಪರದೆ ಏಳಬೇಕು.
ಅಂದ್ರ ಇನ್ನ ಇಪ್ಪತ್ತೊಂದು ದಿನ.
ಉಮದಿ ಸ್ಟ್ಯಾಂಡಿನ ಹಿಂದ, ಹತ್ತಿ ಜಿನ್ನಿನ ಬಯಲಾಗ
ತಗಡು ಇಳಿಸ್ಯಾರ, ಕುಣಿ ತೋಡ್ಯಾರ.
ಫೌಜದಾರರ ಪರವಾನಗಿ ಅರ್ಜಿ ಮಾತ್ರ
ಮರಾಠಿಯೊಳಗ ಇನ್ನೊಮ್ಮೆ ಬರೀಬೇಕಂತ.

ಮಾಲಕ ತಮ್ಮಣ್ಣಪ್ಪ ಈ ಸಲ ನಾಕು ನಾಟಕ ಅಂದಾರ.
'ಅತ್ತಿ ಸೊಂಟದ ಬೀಗದಕೈ', ಅದು ಹೆಂಗಸರ ಶೋ, ಬುಧವಾರ ಹಗಲು.
'ಕಂದೀಲು ಹಿಡಿದ ಕಳ್ಳ', ಸಂತಿ ದಿವಸ, ಹಾಸ್ಯ ಹೆಚ್ಚಿಗಿ ಹಾಕಿ.
ಮೂರನೇದ್ದಕ್ಕ ಇನ್ನೂ ಹೆಸರಿಲ್ಲ, ಹಾಡು ಅದಾವ;
ಪೇಟಿ ಅಮೀನಸಾಬ ಹಳೆ ಧಾಟಿಗೆ ಹೊಸ ಸುಳ್ಳು ಹೊಲಿಯಾಕ ಹತ್ಯಾನ.
ಕಡೀದು 'ದಂಡಿಗೆ ನಿಂತ ದೀಪ'.
ಅದರಾಗ ನಾ ಹದಿನಾಕು ವರ್ಷ ನಾಯಕಿ.
ಈಗ ವಿಂಗಿನಾಗ, ಬ್ಯಾಟರಿ ಕಂಕುಳಾಗ ಹಿಡಿದು,
ಹಿಂದಿನಿಂದ ಮಾತು ಹೇಳಿಕೊಡಾಕಿ.

ಹೊಸ ಹೀರೋ ಧರೆಪ್ಪ,
ಟ್ರ್ಯಾಕ್ಟರ್ ಗ್ಯಾರೇಜಿನಾಂವ, ದನಿ ಅಂದ್ರ ಹಿತ್ತಾಳಿ ಕೊಡ.
ಮನ್ಯಾಗ ಕನ್ನಡ, ಬೈಯೂದು ಕನ್ನಡ, ಕನಸಿನ್ಯಾಗೂ ಕನ್ನಡ ಇದ್ದೀತು.
ಸಾಲಿ ಮರಾಠಿ.
ನಮ್ಮ ಅಕ್ಷರ ತೋರಿಸಿದ್ರ
"ಕಲ್ಲವ್ವತ್ತಿ, ಎಲ್ಲಾ ನಟ್ಟ ಕಾಣ್ತಾವ, ಬೋಲ್ಟ ಎಲ್ಲವ?" ಅಂತಾನ.

ಅದಕ್ಕ ಇಡೀ ನಾಟಕ ಮರಾಠಿ ಲಿಪಿಗೆ ಇಳಸಾಕ ಹತ್ತೇನಿ.
ಮ್ಯಾಲೊಂದು ಗೆರಿ, ಅದಕ್ಕ ಜೋತುಬಿದ್ದ ಮಾತು,
ಆಟದ ಮರುದಿನ ಹಗ್ಗದ ಮ್ಯಾಲಿನ ಡ್ರೆಸ್ಸಿನ ಹಂಗ.
ತೊಡಕು ಒಂದ: ಆ ಲಿಪಿಗೆ ನಮ್ಮ ಗಿಡ್ಡ ಎ ಗೊತ್ತಿಲ್ಲ,
ಗಿಡ್ಡ ಒ ಗೊತ್ತಿಲ್ಲ. ಎಲ್ಲಾನೂ ಎಳೀತೈತಿ.

ನಿನ್ನೆ ತಾಲೀಮು. ಕಡೀ ಸೀನು.
ಕತ್ತಲಿ, ಮಳಿ (ತಗಡು ಬಡಿಯೋ ಹುಡುಗ ಉಣ್ಣಾಕ ಹೋಗಿದ್ದ).
ಧರೆಪ್ಪ ಎದಿ ಮ್ಯಾಲೆ ಕೈ ಇಟ್ಟ:
"ಅಳಬ್ಯಾಡ. ಹೋಳಿ ದಾಟಿ ಬರ್ತೇನಿ."

ಹೊಳಿ ಅಲ್ಲೇನೋ ತಮ್ಮಾ. ನೀರು.

ಕಂಪನಿಯೆಲ್ಲಾ ಬಿದ್ದು ಬಿದ್ದು ನಕ್ಕಿತು.
ಅಮೀನಸಾಬ ಪೇಟಿ ಬೆನ್ನಿಗೇ ಹಲಗಿ ಬಾರಿಸಿದ.
"ಹೋಳಿ ದಾಟಿದರ ತಂಬೂ ಇರೂದಿಲ್ಲ, ಪಗಾರೂ ಇರೂದಿಲ್ಲ,
ಎಲ್ಲಿಗೆ ಬರ್ತೀ?" ಅಂದರು ಮಾಲಕರು.

ನಾನೂ ನಕ್ಕೆ.
ಆಮ್ಯಾಲೆ ರಾತ್ರಿ ಹಾಳಿ ತಿರುವಿದೆ.
ಹದಿನಾಕು ವರ್ಷ ಆ ದಂಡಿಗೆ ನಿಂತೇನಿ.
ನೀಲಿ ಅರಿವಿಯ ಹೊಳಿ, ತುದಿ ಹಿಡಿದು ಅಲುಗಾಡಸೋ ಇಬ್ಬರು ಹುಡುಗರು.
ದಾಟಾಕ ಎಷ್ಟು? ನಾಕು ಹೆಜ್ಜಿ.
ಒಬ್ಬ ಹೀರೋನೂ ದಾಟಲಿಲ್ಲ; ಅಷ್ಟರಾಗ ಪರದೆ ಬೀಳ್ತಿತ್ತು.
ಹೋಳಿ ಹಂಗಲ್ಲ. ಅದಕ್ಕ ತಾರೀಖು ಐತಿ,
ಕ್ಯಾಲೆಂಡರಿನ್ಯಾಗ ಕೆಂಪಗ.
ಹಂಗಂತ ಯಾರರೆ ಅಂದಿದ್ದರ
ದಿನ ಎಣಿಸಿಕೊಂತ ನಿಲ್ಲಬಹುದಾಗಿತ್ತು.

ಮುಂಜಾನೆ ಎದ್ದು ಕೆಂಪು ಪೆನ್ನು ತಗೊಂಡೆ.
ಚುಕ್ಕಿ ಕಂಡಲ್ಲಿ ಎಳೀಬ್ಯಾಡ, ಗಿಡ್ಡಾಗಿ ಅನ್ನು.
ಧರೆಪ್ಪ ಗ್ರೀಸಿನ ಬೆರಳು ಹಚ್ಚಿ ಓದಿದ: ಹೊಳಿ. ಹೊಳಿ. ಹೊಳಿ.
ಸರಿ ಬಂತು.

ಇಡೀ ನಾಟಕಕ್ಕ ಚುಕ್ಕಿ ಇಟ್ಟೇನಿ.
ಒಂದ ಕಡೆ ಬಿಟ್ಟೇನಿ.
ಎಲ್ಲಿ ಅಂತ ಕೇಳಬ್ಯಾಡ್ರಿ, ಟಿಕೀಟು ತಗದು ಬರ್ರಿ.
ಮುಂದಿನ ಕುರ್ಚಿ ಎಂಬತ್ತು, ಚಾಪಿ ಮೂವತ್ತು.