ಹದಿನೇಳನೇ ತಾಕು

ದುದ್ದದ ಹೊಲ. ಇಪ್ಪತ್ತನಾಲ್ಕು ತಾಕು, ನಾಲ್ಕು ಸಾಲು,
ಅಂಗಮಾರಿಗೆ ಆರು ಬಗೆಯ ಔಷಧಿ.
ಯಾವ ತಾಕಿಗೆ ಯಾವುದೆಂದು ನಾನು ಹೇಳಲಿಲ್ಲ,
ಚೀಟಿ ಎತ್ತಿಸಿದೆ. ಕಾವಲಿನ ಹೊಂಬಾಳಯ್ಯ ನಕ್ಕ:
"ಇದೇನವ್ವಾ, ಆಲೂಗೆಡ್ಡೆಗೂ ಲಾಟ್ರಿನಾ?"

ನನ್ನ ಕೈಯನ್ನು ನಾನೇ ನಂಬಬಾರದೆಂದು ಆ ಚೀಟಿ.
ಇಷ್ಟನ್ನೇ ವಿವರಿಸುತ್ತ
ಮುಂದೆ ಒಂದು ಜೀವಮಾನ ಸಂಬಳ ತಗೊಂಡೆ.

ಅಗೆಯುವ ದಿನ ಬೆಳಿಗ್ಗೆ ಹದಿನೇಳನೇ ತಾಕು ಖಾಲಿ.
"ಹಂದಿ ಕಣವ್ವಾ," ಅಂದ, ಕಣ್ಣು ಬೇರೆ ಕಡೆ.
ಹಂದಿ ಗುದ್ದಲಿ ಹಿಡಿಯುವುದಿಲ್ಲ;
ಅಗೆದ ಮೇಲೆ ಮಣ್ಣು ಸರಿಮಾಡಿ ಹೋಗುವುದಂತೂ ಇಲ್ಲ.
ನಾನು ಕೇಳಲಿಲ್ಲ. ಪುಸ್ತಕದಲ್ಲೊಂದು ಅಡ್ಡಗೆರೆ ಎಳೆದೆ.

ಕಾಣೆಯಾದದ್ದಕ್ಕೂ ನಮ್ಮಲ್ಲೊಂದು ಸೂತ್ರವಿದೆ:
ಅದೇ ಸಾಲಿನವರನ್ನು ಕೇಳು, ಅದೇ ಔಷಧಿ ಕುಡಿದವರನ್ನು ಕೇಳು,
ಎಲ್ಲರ ಮೊತ್ತದ ಮುಂದೆ ನಿಲ್ಲಿಸಿ ಇನ್ನೊಮ್ಮೆ ಕೇಳು.
ಹದಿನೆಂಟು ಪಾಯಿಂಟ್ ಆರು ಕೆಜಿ, ಅಂದವು.
ಬರೆದುಕೊಂಡೆ. ಹದಿನೈದಿದ್ದ ಸ್ವಾತಂತ್ರ್ಯದ ಮಟ್ಟ
ಹದಿನಾಲ್ಕಾಯಿತು.
ಇಲ್ಲದ್ದನ್ನು ಇದೆ ಅಂದುಕೊಂಡವರು ಕಟ್ಟುವ ಕಂದಾಯ ಅದು.

ಪಿಎಚ್‌ಡಿ ಬಂತು, ಕೆಲಸ ಬರಲಿಲ್ಲ.
ಏಳು ವರ್ಷ ಹಾಸನದಲ್ಲಿ ಗಂಟೆ ಲೆಕ್ಕದ ಮೇಡಂ,
ಪಾಠಕ್ಕೆ ಮುಂಚೆ ಬೋರ್ಡ್ ಒರೆಸಿದ್ದು ಲೆಕ್ಕಕ್ಕಿಲ್ಲ.
ಕಾಯಂ ಆದ ವಾರ ಮನೆ ಓನರು ಕಾಫಿ ಕೊಟ್ಟು ಕೇಳಿದರು,
"ಸಂಖ್ಯಾಶಾಸ್ತ್ರ ಅಂದ್ರಲ್ಲ,
ನಮ್ಮ ಹುಡುಗನ ಬೈಕಿಗೆ ಯಾವ ನಂಬರು ಕೂಡಿಬರತ್ತೆ?"
ಜನಗಣತಿ ಬಂದರೆ ಪ್ರಿನ್ಸಿಪಾಲರಿಗೆ ಮೊದಲು ನೆನಪಾಗುವವಳು ನಾನು.
ಲೇಖನ ವಾಪಸು ಬಂತು: ಮಾದರಿ ಚಿಕ್ಕದು.
ಅಷ್ಟೇ ಸ್ವಾಮಿ, ದುದ್ದದಲ್ಲಿ ಕೊಟ್ಟ ಜಾಗ.

ಅಮ್ಮ ಒಂದಗುಳು ಹಿಸುಕಿ ಅನ್ನ ಇಳಿಸುತ್ತಿದ್ದಳು.
"ಸೌಟಾಡಿಸಿದ್ಯೇನಮ್ಮ ಮೊದಲು?"
"ಇಷ್ಟು ಓದಿ ಅನ್ನದ ಮೇಲೂ ಅನುಮಾನ ಕಲಿತೆ," ಅಂದಳು.
ತಳ ಹತ್ತಿತ್ತು ಅವತ್ತು. ಇಬ್ಬರೂ ಮಾತಾಡದೆ ಉಂಡೆವು.

ವರ್ಷ ವರ್ಷವೂ ಅದೇ ಉದಾಹರಣೆ, ಅದೇ ಬೋರ್ಡು,
ಹದಿನೇಳನೇ ಮನೆಯಲ್ಲಿ ನಾನೇ ತುಂಬಿದ ಹದಿನೆಂಟು ಪಾಯಿಂಟ್ ಆರು.
ಒಂದು ಮಧ್ಯಾಹ್ನ ತರಗತಿ ಖಾಲಿಯಾಯಿತು, ಒಬ್ಬಳು ಉಳಿದಳು.
"ಮೇಡಂ, ಹದಿನೆಂಟು ಪಾಯಿಂಟ್ ಆರಲ್ಲ."
"ಲೆಕ್ಕ ತಪ್ಪಾ?"
"ಲೆಕ್ಕ ಸರಿ. ಮಂಡೀಲಿ ತೂಗಿದ್ದು ಹದಿನಾರೂವರೆ.
ನಂಗಾಗ ನಾಲ್ಕು ವರ್ಷ, ಕಿವಿ ಸೋರ್ತಿತ್ತಂತೆ.
ಡಾಕ್ಟ್ರಿಗೆ ಕೊಟ್ಟಿದ್ದು ಅದರಲ್ಲೇ."

ರೋಲ್ ನಂಬರ್ ಒಂಬತ್ತು, ಡಿ. ಎಚ್. ಸುಕನ್ಯಾ.
ಎರಡು ವರ್ಷ ಹಾಜರಿ ಕೂಗಿದ್ದೇನೆ,
ಆ ಡಿ ಏನು, ಆ ಎಚ್ ಯಾರು ಎಂದು
ಒಮ್ಮೆಯೂ ಬಿಡಿಸಿ ಓದಿರಲಿಲ್ಲ.
"ಅಪ್ಪ ಹೇಗಿದ್ದಾರೆ?" ಅಂದೆ. ಬೇರೇನೂ ತೋಚಲಿಲ್ಲ.
"ಅವರೇ ಹೇಳಿಕಳಿಸಿದ್ದು," ಅಂದಳು.

ಆ ರಾತ್ರಿ ಹಳೇ ಪುಸ್ತಕ ತೆಗೆದೆ.
ಹದಿನಾರೂವರೆ ಹಾಕಿ ಮೊದಲಿಂದ ಕೂಡಿದೆ, ವರ್ಗ ಮಾಡಿದೆ, ಭಾಗಿಸಿದೆ.
ಔಷಧಿಗಳ ನಡುವಿನ ವ್ಯತ್ಯಾಸ ಅಲುಗಲಿಲ್ಲ,
ನಿಜ ಹೇಳಬೇಕೆಂದರೆ ಸ್ವಲ್ಪ ಬೇಜಾರೇ ಆಯಿತು.
ಹದಿನಾಲ್ಕನ್ನು ಮಾತ್ರ ಹೊಡೆದುಹಾಕಿ
ಪಕ್ಕದಲ್ಲಿ ಹದಿನೈದು ಬರೆದೆ.

ಬೆಳಿಗ್ಗೆ ಮೆಟ್ಟಿಲ ಮೇಲೆ ಅವಳು ಮತ್ತೆ:
"ಇನ್ನೊಂದು ಮೇಡಂ. ಮಂಡಿಗೆ ಹಾಕೋ ಮುಂಚೆ
ಅವ್ವ ಸಾರಿಗೆ ಅಂತ ನಾಲ್ಕು ಗೆಡ್ಡೆ ತೆಗೆದಿಟ್ಟಿದ್ಳಂತೆ.
ಅದನ್ನ ಯಾರೂ ತೂಗಿಲ್ಲ."

ಪೆನ್ಸಿಲಲ್ಲಿ ಬರೆದಿದ್ದೆ,
ಸದ್ಯ.